ಸಿಹಿನೀರಿನ ತಳದಲ್ಲಿ ನಿಂತ ಹಡಗುಗಳು

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ನಗರದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ದೂರದಲ್ಲಿ, ಅಲ್ಪೀನಾ ಎಂಬ ಪಟ್ಟಣವಿದೆ. ಜನಸಂಖ್ಯೆ ಹತ್ತು ಸಾವಿರದ ಆಸುಪಾಸು. ಒಂದು ಕಾಲಕ್ಕೆ ಪೈನ್ ಮರದ ದಿಮ್ಮಿಗಳಿಂದ, ಆಮೇಲೆ ಸುಣ್ಣದ ಕಲ್ಲು ಮತ್ತು ಸಿಮೆಂಟಿನಿಂದ ಹೊಟ್ಟೆ ಹೊರೆದುಕೊಂಡ ಊರು. ಅಗಲವಾದ ಬೀದಿಗಳು, ಮರದ ಮನೆಗಳು, ಊರ ನಡುವೆ ಹರಿದು ಕೊಲ್ಲಿಗೆ ಸೇರುವ ಪುಟ್ಟ ನದಿ. ಇಷ್ಟೇ ಆಗಿದ್ದರೆ ಹೊರಗಿನವರು ಇತ್ತ ತಿರುಗಿ ನೋಡುತ್ತಿರಲಿಲ್ಲವೇನೋ. ಆದರೆ ಬೇಸಿಗೆ ಬಂತೆಂದರೆ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟುವ ಮುಳುಗುಗಾರರು ದೂರದೂರದ ಊರುಗಳಿಂದ ಇಲ್ಲಿಗೆ ಬರುತ್ತಾರೆ. ಊರಿನ ಮುಂದಿರುವ ಥಂಡರ್ ಬೇ ಕೊಲ್ಲಿ ಮತ್ತು ಅದರಾಚೆಯ ಹ್ಯೂರಾನ್ ಸರೋವರದ ತಳದಲ್ಲಿ ಏನಿದೆಯೋ ಅದನ್ನು ನೋಡುವುದಕ್ಕೆ.

ಸರೋವರ ಎಂದರೆ ಕಣ್ಣಳತೆಗೆ ಸಿಗುವ ಕೆರೆಯಲ್ಲ. ಹ್ಯೂರಾನ್‌ನ ವಿಸ್ತೀರ್ಣ ಸುಮಾರು 59,600 ಚದರ ಕಿಲೋಮೀಟರ್. ಹೆಚ್ಚುಕಡಿಮೆ ಕರ್ನಾಟಕದ ಮೂರನೇ ಒಂದು ಭಾಗದಷ್ಟು! ಅತಿ ಆಳವಾದ ಕಡೆ 229 ಮೀಟರ್. ದಡದಲ್ಲಿ ನಿಂತವನಿಗೆ ಆಚೆಯ ಕೆನಡಾ ಕಾಣುವುದಿಲ್ಲ. ಕಾಣುವುದು ನೀರು ಮತ್ತು ಆಕಾಶ ಕೂಡುವ ಗೆರೆ ಮಾತ್ರ. ಸಮುದ್ರದಂತೆಯೇ ಅಲೆ, ಸಮುದ್ರದಂತೆಯೇ ಬಿರುಗಾಳಿ, ಸಮುದ್ರದಂತೆಯೇ ಮಂಜು. ಉಪ್ಪೊಂದಿಲ್ಲ, ಅಷ್ಟೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಒಳನಾಡು ಬೆಳೆದದ್ದು ಉತ್ತರ ಅಮೆರಿಕದ ಐದು ಮಹಾ ಸರೋವರಗಳ ಮೇಲಿನ ಸಾಗಣೆಯಿಂದ. ಪಶ್ಚಿಮದ ಗೋಧಿ, ಉತ್ತರದ ತಾಮ್ರ ಮತ್ತು ಕಬ್ಬಿಣದ ಅದಿರು, ಕಾಡಿನ ಮರ ಎಲ್ಲವೂ ಹಡಗಿನಲ್ಲಿ ಕೆಳಗಿಳಿದು ಬರುತ್ತಿದ್ದವು. ಹೋಗುವಾಗ ಅದೇ ಹಡಗುಗಳು ಕಲ್ಲಿದ್ದಲು ತುಂಬಿಕೊಂಡು ಹೋಗುತ್ತಿದ್ದವು. ಥಂಡರ್ ಬೇ ಎದುರಿನ ಜಲಮಾರ್ಗ ಹೋಗುವವರಿಗೂ ಬರುವವರಿಗೂ ಒಂದೇ. ಕಣ್ಣಿಗೆ ಕಾಣದ ಕಲ್ಲುದಿಬ್ಬಗಳು, ಇದ್ದಕ್ಕಿದ್ದಂತೆ ಕವಿಯುವ ಮಂಜು, ನವೆಂಬರ್ ತಿಂಗಳ ಗಾಳಿ ಇವು ಸೇರಿ ಆ ದಾರಿಗೆ 'ಹಡಗು ಮುಳುಗುವ ಓಣಿ' ಎಂಬ ಹೆಸರು ತಂದವು. ಈ ಭಾಗದಲ್ಲಿ ಇದುವರೆಗೆ ಗುರುತಿಸಿರುವ ಮುಳುಗಿದ ಹಡಗುಗಳು ಸುಮಾರು ನೂರು. ಹುಡುಕಾಟ ಇನ್ನೂ ಮುಗಿದಿಲ್ಲ.

ತಣ್ಣೀರಿನ ಕಾವಲು

ಕಡಲಿನಲ್ಲಿ ಮರದ ಹಡಗು ಮುಳುಗಿದರೆ ಅದರ ಆಯುಸ್ಸು ಹೆಚ್ಚಲ್ಲ. ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳುಗಳಿವೆ. ಕೆಲವೇ ವರ್ಷಗಳಲ್ಲಿ ಹಲಗೆಯನ್ನು ಜೇನುಗೂಡಿನಂತೆ ತೂತು ಮಾಡಿ ಮುಗಿಸುತ್ತವೆ. ಸಿಹಿನೀರಿನ ಈ ಸರೋವರಗಳಲ್ಲಿ ಆ ಹುಳುವಿನ ಕಾಟವಿಲ್ಲ. ಜೊತೆಗೆ ಚಳಿ. ನೀರು ಅತ್ಯಂತ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ನೀರು ತಳಕ್ಕೆ ಇಳಿದು ಅಲ್ಲಿಯೇ ನಿಲ್ಲುತ್ತದೆ. ಮೇಲೆ ಜುಲೈ ತಿಂಗಳ ಬಿಸಿಲಿನಲ್ಲಿ ಮಕ್ಕಳು ಈಜುತ್ತಿದ್ದರೂ ಆಳದಲ್ಲಿ ವರ್ಷವಿಡೀ ಶೀತಲ ಪೆಟ್ಟಿಗೆಯ ಚಳಿಯೇ. ಹೀಗಾಗಿ ಕೊಳೆಸುವ ಸೂಕ್ಷ್ಮಜೀವಿಗಳ ಕೆಲಸವೂ ಬಹಳ ನಿಧಾನ.

ಇದರ ಫಲವನ್ನು ಕಣ್ಣಾರೆ ಕಂಡವರು ಬೆರಗಾಗುತ್ತಾರೆ. 1871ರ ನವೆಂಬರಿನ ಮಂಜಿನಲ್ಲಿ ಇನ್ನೊಂದು ಹಡಗು ಬಡಿದು ಮುಳುಗಿದ 'ಇ. ಬಿ. ಆಲನ್' ಎಂಬ ಹಾಯಿಹಡಗು ಸುಮಾರು ನೂರು ಅಡಿ ಆಳದಲ್ಲಿ ಇಂದಿಗೂ ನೆಟ್ಟಗೆ ಕುಳಿತಿದೆ. ಪಕ್ಕೆಯಲ್ಲಿ ಅಂದು ಬಿದ್ದ ತೂತನ್ನು ಈಗಲೂ ನೋಡಬಹುದು. 1875ರ ಚಳಿಗಾಲದಲ್ಲಿ ಗೋಧಿ ತುಂಬಿಕೊಂಡು ಮಿಲ್ವಾಕಿಯಿಂದ ಹೊರಟು ಮಾಯವಾದ 'ಕಾರ್ನೀಲಿಯಾ ಬಿ. ವಿಂಡಿಯೇಟ್' ಮಿಶಿಗನ್ ಸರೋವರದಲ್ಲಿಯೇ ಮುಳುಗಿರಬೇಕೆಂದು ಎಲ್ಲರೂ ನಂಬಿದ್ದರು. 1986ರಲ್ಲಿ ಅದು ಸಿಕ್ಕಿದ್ದು ಹ್ಯೂರಾನ್‌ನಲ್ಲಿ, ಸುಮಾರು 180 ಅಡಿ ಆಳದಲ್ಲಿ, ಹೆಚ್ಚುಕಡಿಮೆ ಇಡಿಯಾಗಿ. ನಂಬಿಕೆಗಿಂತ ಬಹುದೂರ ಬಂದು, ಗುರಿ ಮುಟ್ಟುವ ಮೊದಲು ತಳ ಸೇರಿತ್ತು.

ಇಳಿಯುವವರ ಪಾಡು

ನೀರಿನೊಳಗೆ ಉಸಿರಾಡುವ ಸಲಕರಣೆ 1943ರಲ್ಲಿ ಫ್ರಾನ್ಸಿನ ಕೂಸ್ಟೊ ಮತ್ತು ಗಾನ್ಯಾನ್ ಅವರ ಕೈಯಲ್ಲಿ ರೂಪುಗೊಂಡಾಗ ಅವರ ಕಣ್ಣ ಮುಂದಿದ್ದದ್ದು ಕಡಲು. ಸರೋವರದ ಲೆಕ್ಕಾಚಾರ ಕೊಂಚ ಬೇರೆ. ಸಿಹಿನೀರು ಉಪ್ಪುನೀರಿನಷ್ಟು ಎತ್ತಿ ಹಿಡಿಯುವುದಿಲ್ಲ; ಆದ್ದರಿಂದ ಸೊಂಟಕ್ಕೆ ಕಟ್ಟುವ ಸೀಸದ ತೂಕವನ್ನು ಕಡಿಮೆ ಮಾಡಬೇಕು. ಚಳಿಗೆ ಮೈಗೆ ನೀರು ತಾಗದ ಡ್ರೈ ಸೂಟು, ತಲೆಗೆ ದಪ್ಪ ಮುಸುಕು, ಕೈಗೆ ಗವಸು. ಇಳಿಯುತ್ತ ಹೋದಂತೆ ಒಂದು ಹಂತದಲ್ಲಿ ಬೆಚ್ಚನೆಯ ನೀರು ಮುಗಿದು ತಣ್ಣೀರು ಶುರುವಾಗುತ್ತದೆ. ಮಧ್ಯೆ ಗೆರೆ ಎಳೆದಂತೆ ವ್ಯತ್ಯಾಸ. ಉಸಿರಾಟದ ಕವಾಟದಲ್ಲಿ ತೇವ ಹೆಪ್ಪುಗಟ್ಟಿ ಗಾಳಿ ಒಂದೇ ಸಮನೆ ಹೊರಚೆಲ್ಲತೊಡಗಿದರೆ ಸಿಲಿಂಡರು ನೋಡನೋಡುತ್ತಿದ್ದಂತೆ ಖಾಲಿ. ಅದಕ್ಕೇ ತಣ್ಣೀರಿಗೆಂದೇ ಮಾಡಿದ ಕವಾಟ ಬೇಕು; ಜೊತೆಗಾರನನ್ನು ಬಿಟ್ಟು ಇಳಿಯಬಾರದು.

ಹವ್ಯಾಸಿಗಳಿಗೆ ನಿಗದಿಯಾದ ಮಿತಿ 130 ಅಡಿ. ಕನ್ನಂಬಾಡಿ ಕಟ್ಟೆಯ ಭರ್ತಿ ಮಟ್ಟ 124.80 ಅಡಿ ಎಂಬುದು ಕಾವೇರಿ ಸೀಮೆಯವರಿಗೆ ಬಾಯಿಪಾಠ. ಅದಕ್ಕಿಂತ ಐದಡಿ ಹೆಚ್ಚು. ಅಷ್ಟು ಆಳದಲ್ಲಿ ಮೈಮೇಲಿನ ಒತ್ತಡ ನೆಲದ ಮೇಲಿನದಕ್ಕೆ ಹೋಲಿಸಿದರೆ ಹತ್ತಿರ ಹತ್ತಿರ ಐದು ಪಟ್ಟು. ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಅಮಲಿನಂತೆ ತಲೆಗೇರುತ್ತದೆ. ಅವಸರದಿಂದ ಮೇಲೆ ಬಂದರೆ ಅದೇ ಸಾರಜನಕ ಗುಳ್ಳೆಗಳಾಗಿ ಮೈಯೊಳಗೆ ಸಿಡಿಯುತ್ತದೆ. ಮಿತಿಗಿಂತ ಕೆಳಗಿರುವ ಹಡಗುಗಳನ್ನು ನೋಡಲು ಬೇರೆಯೇ ತರಬೇತಿ, ಹೀಲಿಯಂ ಬೆರೆಸಿದ ಗಾಳಿ, ಮೇಲೇರುವಾಗ ಹಂತಹಂತವಾಗಿ ನಿಂತು ಕಾಯುವ ತಾಳ್ಮೆ ಬೇಕು.

ಬಿಚ್ಚದ ಹಗ್ಗ

ಮುಳುಗುಗಾರರ ಕೈಗೆ ಎಟುಕದ ಆಳದಲ್ಲಿ ಹುಡುಕುವ ಕೆಲಸ ಈಗ ಸೋನಾರ್ ಯಂತ್ರಗಳದ್ದು. 2019ರಲ್ಲಿ ಇಂಥದೇ ಶೋಧದಲ್ಲಿ 'ಐರನ್‌ಟನ್' ಎಂಬ ಹಡಗು ಪತ್ತೆಯಾಯಿತು. ಟೈಟಾನಿಕ್ ಪತ್ತೆ ಮಾಡಿದ ರಾಬರ್ಟ್ ಬಲಾರ್ಡ್ ಅವರ ಸಂಸ್ಥೆ ಈ ಶೋಧದಲ್ಲಿ ಕೈಜೋಡಿಸಿತ್ತು. ಸುದ್ದಿಯನ್ನು ಲೋಕಕ್ಕೆ ತಿಳಿಸಿದ್ದು 2023ರ ಮಾರ್ಚಿಯಲ್ಲಿ.

ಐರನ್‌ಟನ್ 191 ಅಡಿ ಉದ್ದದ, ಮೂರು ಹಾಯಿಕಂಬಗಳ ಮರದ ಹಡಗು. 1894ರ ಸೆಪ್ಟೆಂಬರ್ 26ರ ನಡುರಾತ್ರಿ ಒಂದು ಉಗಿಹಡಗು ಅದನ್ನೂ ಇನ್ನೊಂದು ಹಡಗನ್ನೂ ಹಗ್ಗ ಕಟ್ಟಿ ಎಳೆದುಕೊಂಡು ಉತ್ತರಕ್ಕೆ ಹೊರಟಿತ್ತು. ದಾರಿಯಲ್ಲಿ ಉಗಿಹಡಗಿನ ಯಂತ್ರ ಕೆಟ್ಟಿತು. ಹಿಂದಿನಿಂದ ಬೀಸುತ್ತಿದ್ದ ಗಾಳಿ ಎಳೆಸಿಕೊಳ್ಳುತ್ತಿದ್ದ ಹಡಗುಗಳನ್ನು ಅದರ ಮೇಲೆಯೇ ತಳ್ಳತೊಡಗಿತು. ಡಿಕ್ಕಿ ತಪ್ಪಿಸಲು ಐರನ್‌ಟನ್‌ನ ಎಳೆಹಗ್ಗ ಕತ್ತರಿಸಲಾಯಿತು. ಕತ್ತಲಲ್ಲಿ ಹಾಯಿ ಬಿಚ್ಚಿ ಹಿಡಿತಕ್ಕೆ ತರುವಷ್ಟರಲ್ಲಿ ಅದು ದಾರಿ ತಪ್ಪಿ, ಸಾವಿರ ಟನ್ ಧಾನ್ಯ ಹೊತ್ತು ಎದುರಿನಿಂದ ಬರುತ್ತಿದ್ದ 'ಒಹಾಯೊ' ಎಂಬ ಹಡಗಿಗೆ ಬಡಿಯಿತು. ಒಹಾಯೊದ ಹದಿನಾರು ಮಂದಿಯೂ ದೋಣಿಗಳಿಗೆ ಇಳಿದು ಬದುಕಿಕೊಂಡರು.

ಐರನ್‌ಟನ್ ಸುಮಾರು ಒಂದು ಗಂಟೆ ತೇಲಿತು. ಮುಳುಗುವುದು ಖಚಿತವಾದಾಗ ಕಪ್ತಾನನೂ ಆರು ಮಂದಿ ನಾವಿಕರೂ ಜೀವರಕ್ಷಕ ದೋಣಿಗೆ ಇಳಿದರು. ಆದರೆ ದೋಣಿಯನ್ನು ಹಡಗಿಗೆ ಕಟ್ಟಿದ್ದ ಹಗ್ಗವನ್ನು ಬಿಚ್ಚಲು ಆಗಲಿಲ್ಲ. ಹಡಗು ತಳಕ್ಕೆ ಹೋಗುವಾಗ ದೋಣಿಯನ್ನೂ ಎಳೆದುಕೊಂಡು ಹೋಯಿತು. ಐವರು ಸತ್ತರು. ತೇಲುತ್ತಿದ್ದ ಸಾಮಾನುಗಳನ್ನು ಅಪ್ಪಿಕೊಂಡ ಇಬ್ಬರನ್ನು ಆ ದಾರಿಯಲ್ಲಿ ಬಂದ ಮತ್ತೊಂದು ಹಡಗು ಎತ್ತಿಕೊಂಡಿತು. ಕಥೆ ಲೋಕಕ್ಕೆ ತಿಳಿದದ್ದು ಅವರ ಬಾಯಿಂದ.

ನೂರಿಪ್ಪತ್ತೈದು ವರ್ಷಗಳ ನಂತರ ಯಂತ್ರದ ಕಣ್ಣು ಕಂಡದ್ದು ಇದು: ಮೂರು ಹಾಯಿಕಂಬಗಳೂ ನಿಂತೇ ಇವೆ. ಹಡಗು ನೆಟ್ಟಗೆ ಕುಳಿತಿದೆ. ಹಿಂಭಾಗದಲ್ಲಿ ಜೀವರಕ್ಷಕ ದೋಣಿ ಇದೆ, ಹಗ್ಗ ಕಟ್ಟಿದ್ದು ಕಟ್ಟಿದ ಹಾಗೆಯೇ. ಬದುಕಿ ಬಂದ ಇಬ್ಬರೂ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಲೂಟಿಯ ಕಾಲ, ಕಾವಲಿನ ಕಾಲ

ಮುಳುಗಿದ ಹಡಗನ್ನು ಹೀಗೆ ಮುಟ್ಟದೆ ನೋಡುವ ಪದ್ಧತಿ ಇತ್ತೀಚಿನದು. 1865ರ ಆಗಸ್ಟ್ 9ರಂದು 'ಪೆವಾಬಿಕ್' ಎಂಬ ಪ್ರಯಾಣಿಕರ ಹಡಗು ತನ್ನದೇ ಕಂಪನಿಯ ಜೋಡಿ ಹಡಗಾದ 'ಮೀಟಿಯರ್'ಗೆ ಡಿಕ್ಕಿ ಹೊಡೆದು ಕೆಲವೇ ನಿಮಿಷಗಳಲ್ಲಿ ಮುಳುಗಿತು. ನೂರರ ಆಸುಪಾಸು ಜನ ಸತ್ತರು. ಆದರೆ ಮುಂದಿನ ಅರ್ಧ ಶತಮಾನ ಜನರ ಬಾಯಲ್ಲಿ ಓಡಾಡಿದ್ದು ಸತ್ತವರ ಮಾತಿಗಿಂತ ಹಡಗಿನಲ್ಲಿದ್ದ ತಾಮ್ರದ ಮಾತು. ಅದನ್ನು ಎತ್ತಲು ಹೋಗಿ ಹಲವು ಮುಳುಗುಗಾರರು ಪ್ರಾಣ ತೆತ್ತರು. ಕೊನೆಗೆ 1917ರಲ್ಲಿ ಲೋಹದ ಕವಚ ತೊಟ್ಟು ಇಳಿದವರು ತಾಮ್ರದ ಒಂದು ಪಾಲನ್ನು ಮೇಲೆ ತಂದರು.

ಗಾಳಿ ಸಿಲಿಂಡರು ಸಾಮಾನ್ಯರ ಕೈಗೆ ಬಂದ ಮೇಲೆ ಲೂಟಿಯೂ ಸಾಮಾನ್ಯವಾಯಿತು. ಗಂಟೆ, ದಿಕ್ಸೂಚಿ, ದೀಪ, ಚುಕ್ಕಾಣಿ ಚಕ್ರ, ತಟ್ಟೆ ಲೋಟ ಹೀಗೆ ಸಿಕ್ಕಿದ್ದು ಮನೆಯ ಗೋಡೆಗೆ, ಹೋಟೆಲಿನ ಮೂಲೆಗೆ. ಒಬ್ಬರು ಒಂದೊಂದೇ ಎತ್ತಿಕೊಂಡು ಹೋದರೂ ಹತ್ತು ವರ್ಷದಲ್ಲಿ ಹಡಗು ಬೋಳಾಗುತ್ತದೆ ಎಂಬುದು ಮುಳುಗುಗಾರರಿಗೇ ಮೊದಲು ಅರಿವಾಯಿತು. 1980ರಲ್ಲಿ ಮಿಶಿಗನ್ ರಾಜ್ಯ ಕಾನೂನು ತಂದಿತು. ಮರುವರ್ಷ ಥಂಡರ್ ಬೇ ಜಲಾಂತರ ರಕ್ಷಿತ ಪ್ರದೇಶವಾಯಿತು. ಕೇಂದ್ರ ಸರ್ಕಾರದ ಕಾನೂನು ಬಂದದ್ದು ಆ ದಶಕದ ಕೊನೆಯಲ್ಲಿ.

ಇಡೀ ಪ್ರದೇಶವನ್ನು ರಾಷ್ಟ್ರೀಯ ಅಭಯಧಾಮ ಮಾಡುವ ಮಾತು ಬಂದಾಗ ಮಾತ್ರ ಅಲ್ಪೀನಾ ತಿರುಗಿ ಬಿತ್ತು. ನಾಳೆ ಮೀನು ಹಿಡಿಯಬೇಡಿ, ದೋಣಿ ಬಿಡಬೇಡಿ ಎನ್ನುತ್ತಾರೆ ಎಂಬ ಭಯ. 1997ರಲ್ಲಿ ನಡೆದ ಮತದಾನದಲ್ಲಿ ಊರಿನ ಬಹುಪಾಲು ಮಂದಿ ಬೇಡವೆಂದರು. ಆ ಮತ ಸರ್ಕಾರವನ್ನು ಕಟ್ಟಿಹಾಕುವಂಥದ್ದಾಗಿರಲಿಲ್ಲ. ಮಾತುಕತೆ ನಡೆದು, ರಾಜ್ಯವೂ ಕೇಂದ್ರವೂ ಕೂಡಿ ನಡೆಸುವ ಒಪ್ಪಂದದ ಮೇಲೆ 2000ದ ಅಕ್ಟೋಬರಿನಲ್ಲಿ ಧಾಮ ಸ್ಥಾಪನೆಯಾಯಿತು. ಅಮೆರಿಕದ ರಾಷ್ಟ್ರೀಯ ಸಾಗರ ಅಭಯಧಾಮಗಳಲ್ಲಿ ಸಿಹಿನೀರಿನದು ಇದೇ ಮೊದಲು. ಮೀನುಗಾರಿಕೆಗೆ ತಡೆ ಬರಲಿಲ್ಲ, ಪ್ರವಾಸಿಗರು ಬಂದರು. 2014ರಲ್ಲಿ ಧಾಮದ ವಿಸ್ತಾರ ಸುಮಾರು ಹತ್ತು ಪಟ್ಟು ಹೆಚ್ಚಿ 11,000 ಚದರ ಕಿಲೋಮೀಟರ್ ದಾಟಿದಾಗ ಸ್ಥಳೀಯ ಆಡಳಿತಗಳೇ ಬೆಂಬಲಕ್ಕೆ ನಿಂತಿದ್ದವು. ಇದೇ ಮಾದರಿಯಲ್ಲಿ 2021ರಲ್ಲಿ ಮಿಶಿಗನ್ ಸರೋವರದ ವಿಸ್ಕಾನ್ಸಿನ್ ದಡದಲ್ಲಿ, 2024ರಲ್ಲಿ ಒಂಟಾರಿಯೊ ಸರೋವರದಲ್ಲಿ ಧಾಮಗಳು ತಲೆಯೆತ್ತಿದವು.

ಹಡಗಿಗೂ ಹಿಂದಿನ ಕಾಲ

ತಳದಲ್ಲಿರುವುದು ಹಡಗುಗಳಷ್ಟೇ ಅಲ್ಲ. ಅಲ್ಪೀನಾದಿಂದ ಆಚೆಯ ಕೆನಡಾದ ದಡದವರೆಗೆ ನೀರಿನಡಿಯಲ್ಲಿ ಒಂದು ಕಲ್ಲಿನ ದಿಣ್ಣೆ ಚಾಚಿಕೊಂಡಿದೆ. ಸುಮಾರು 9,000 ವರ್ಷಗಳ ಹಿಂದೆ ಸರೋವರದ ಮಟ್ಟ ಬಹಳ ಕೆಳಗಿದ್ದಾಗ ಇದು ಒಣನೆಲ. ಹಿಮಸಾರಂಗಗಳ ಹಿಂಡು ದಾಟುವ ಸೇತುವೆ. ಮಿಶಿಗನ್ ವಿಶ್ವವಿದ್ಯಾಲಯದ ಜಾನ್ ಓಶೇ ಮತ್ತು ಸಂಗಡಿಗರು 2009ರಿಂದೀಚೆಗೆ ಇಲ್ಲಿ ಕಲ್ಲುಗಳನ್ನು ಸಾಲಾಗಿ ಇಟ್ಟು ಮಾಡಿದ ಬೇಟೆಯ ಓಣಿಗಳನ್ನು ಗುರುತಿಸಿದ್ದಾರೆ. ಸಾರಂಗಗಳನ್ನು ಎರಡು ಸಾಲುಗಳ ನಡುವೆ ಅಟ್ಟಿ, ಮುಂದೆ ದಾರಿಯಿಲ್ಲದ ಕಡೆ ಸಿಕ್ಕಿಸಿ ಹೊಡೆಯುತ್ತಿದ್ದರು. ಬೇಟೆಗಾರರು ಅಡಗಿ ಕೂರುತ್ತಿದ್ದ ಕಲ್ಲಿನ ಮರೆಗಳೂ ಹಾಗೆಯೇ ಇವೆ. ಮುಳುಗುಗಾರರು ತಳದ ಮಣ್ಣು ತಂದು ಸೋಸಿದಾಗ ಸಿಕ್ಕಿದ ಜ್ವಾಲಾಮುಖಿ ಗಾಜಿನ ಎರಡು ಚಕ್ಕೆಗಳ ಮೂಲ ದೇಶದ ಇನ್ನೊಂದು ಅಂಚಿನಲ್ಲಿರುವ ಓರೆಗನ್ ಎಂದು 2021ರಲ್ಲಿ ಪ್ರಕಟವಾಯಿತು. ಕೈಯಿಂದ ಕೈಗೆ ಎಷ್ಟು ದೂರ ಬಂದಿದ್ದವೋ! ದಡದ ಮೇಲೆ ಇಂಥ ಕುರುಹುಗಳನ್ನು ನೇಗಿಲು, ರಸ್ತೆ, ಊರುಗಳು ಎಂದೋ ಅಳಿಸಿಹಾಕಿವೆ. ನೀರು ಮುಚ್ಚಿದ್ದರಿಂದ ಇವು ಉಳಿದವು.

2001ರಲ್ಲಿ ಹಡಗುಗಳನ್ನು ಹುಡುಕುತ್ತಿದ್ದವರಿಗೆ ತಳದಲ್ಲಿ ದೊಡ್ಡ ಗುಂಡಿಗಳು ಕಂಡವು. ಸುಣ್ಣದ ಕಲ್ಲು ಕರಗಿ ಕುಸಿದು ಆದ ಗುಂಡಿಗಳು. ಅವುಗಳಲ್ಲಿ ಒಂದು ಮಿಡ್ಲ್ ಐಲೆಂಡ್ ಎಂಬ ನಡುಗಡ್ಡೆಯ ಬಳಿ 23 ಮೀಟರ್ ಆಳದಲ್ಲಿದೆ. ನೆಲದೊಳಗಿಂದ ಜಿನುಗುವ ನೀರಿನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ, ಗಂಧಕದ ಅಂಶ ಹೆಚ್ಚು. ಮೀನು ಬಾಳದ ಅಲ್ಲಿ ನೇರಳೆ ಬಣ್ಣದ ಕಂಬಳಿ ಹಾಸಿದಂತೆ ಸೂಕ್ಷ್ಮಜೀವಿಗಳ ಪದರ ಬೆಳೆದಿದೆ. ಭೂಮಿಯ ಮೇಲೆ ಆಮ್ಲಜನಕ ಹೆಚ್ಚುವ ಮುಂಚಿನ ಬದುಕು ಹೀಗೆಯೇ ಇದ್ದಿರಬೇಕೆಂದು ವಿಜ್ಞಾನಿಗಳು ಇದನ್ನು ಅಭ್ಯಾಸ ಮಾಡುತ್ತಿದ್ದಾರೆ.

ಚಿಪ್ಪಿನ ದಂಡು

ಇಷ್ಟೆಲ್ಲವನ್ನೂ ಕಾಪಾಡಿಕೊಂಡು ಬಂದ ನೀರಿಗೆ ಈಗ ಹೊಸ ಒಕ್ಕಲು ಬಂದಿದೆ. ಸರಕಿಲ್ಲದ ಹಡಗುಗಳು ಸಮತೋಲನಕ್ಕಾಗಿ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತವೆ. ಇನ್ನೊಂದು ಬಂದರಿನಲ್ಲಿ ಅದನ್ನು ಚೆಲ್ಲುತ್ತವೆ. ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್ ಸಮುದ್ರದ ಸೀಮೆಯ ಜೀಬ್ರಾ ಮಸೆಲ್ ಎಂಬ ಹೆಬ್ಬೆರಳ ಉಗುರಿನಷ್ಟು ದೊಡ್ಡ ಕಪ್ಪೆಚಿಪ್ಪು ಇಂಥ ನೀರಿನಲ್ಲಿ ಬಂದು, 1988ರಲ್ಲಿ ಹ್ಯೂರಾನ್‌ನ ಕೆಳಗಿರುವ ಸೇಂಟ್ ಕ್ಲೇರ್ ಸರೋವರದಲ್ಲಿ ಮೊದಲು ಕಣ್ಣಿಗೆ ಬಿತ್ತು. ಹಿಂದೆಯೇ ಅದರ ದಾಯಾದಿ ಕ್ವಾಗಾ ಮಸೆಲ್ ಬಂತು. ಇದು ಮೊದಲಿನದಕ್ಕಿಂತ ಹಠಮಾರಿ. ಚಳಿ, ಆಳ, ಕತ್ತಲು ಯಾವುದಕ್ಕೂ ಹೆದರುವುದಿಲ್ಲ. ಒಂದು ಹೆಣ್ಣು ವರ್ಷಕ್ಕೆ ಹತ್ತು ಲಕ್ಷದವರೆಗೆ ಮೊಟ್ಟೆ ಇಡಬಲ್ಲದು.

ಒಂದೊಂದು ಚಿಪ್ಪೂ ದಿನಕ್ಕೆ ಸುಮಾರು ಒಂದು ಲೀಟರ್ ನೀರು ಸೋಸಿ ಅದರಲ್ಲಿನ ಸೂಕ್ಷ್ಮ ಸಸ್ಯಗಳನ್ನು ತಿನ್ನುತ್ತದೆ. ಕೋಟಿ ಕೋಟಿ ಚಿಪ್ಪುಗಳು ಸೋಸಿದ ಮೇಲೆ ಹ್ಯೂರಾನ್ ಹಿಂದೆಂದೂ ಇಲ್ಲದಷ್ಟು ತಿಳಿಯಾಯಿತು. ಮೊದಲು ಮಬ್ಬಿನಲ್ಲಿ ಹತ್ತಿರ ಹೋದರಷ್ಟೇ ಕಾಣುತ್ತಿದ್ದ ಹಡಗು ಈಗ ಮೇಲಿನಿಂದಲೇ ಮೂತಿಯಿಂದ ಬಾಲದವರೆಗೆ ಕಾಣುತ್ತದೆ. ಮುಳುಗುಗಾರರಿಗೆ ಇದು ಹಬ್ಬ. ಆದರೆ ಈ ತಿಳಿ ಹಸಿವಿನ ತಿಳಿ. ಸೂಕ್ಷ್ಮ ಸಸ್ಯ ಹೋದರೆ ಅದನ್ನು ತಿನ್ನುವ ಸಣ್ಣ ಜೀವಿಗಳಿಲ್ಲ. ಅವುಗಳನ್ನು ನಂಬಿದ ಮೀನುಗಳಿಲ್ಲ. 2003ರ ಹೊತ್ತಿಗೆ ಹ್ಯೂರಾನ್‌ನಲ್ಲಿ ಸಣ್ಣ ಮೀನುಗಳ ಸಂತತಿ ಕುಸಿದು, ಅದರ ಬೆನ್ನಿಗೇ ದೊಡ್ಡ ಸಾಮನ್ ಮೀನೂ ಕುಸಿಯಿತು.

ಹಡಗುಗಳಿಗೂ ಕೇಡು ತಪ್ಪಲಿಲ್ಲ. ಗಟ್ಟಿ ನೆಲೆ ಕಂಡಲ್ಲಿ ಈ ಚಿಪ್ಪು ನಾರಿನಂಥ ಎಳೆಗಳಿಂದ ಕಚ್ಚಿಕೊಳ್ಳುತ್ತದೆ. ಚಿಪ್ಪಿನ ಮೇಲೆ ಚಿಪ್ಪು ಕೂರುತ್ತದೆ. ಹೆಸರು ಕೊರೆದ ಹಲಗೆ, ಹಗ್ಗ ಸುತ್ತುವ ರಾಟೆ, ಕೆತ್ತನೆ ಎಲ್ಲವೂ ಅದರಡಿ ಮಾಯ. ಭಾರಕ್ಕೆ ಹಳೆಯ ಅಟ್ಟಗಳು ಕುಸಿಯುತ್ತವೆ. ಚಿಪ್ಪಿನಡಿಯ ರಾಸಾಯನಿಕ ಕ್ರಿಯೆಗೆ ಕಬ್ಬಿಣದ ಮೊಳೆಗಳು ಬೇಗ ತುಕ್ಕು ಹಿಡಿದು, ಹಲಗೆಗಳ ಬೆಸುಗೆ ಬಿಡುತ್ತದೆ. ಕೆರೆದು ತೆಗೆಯೋಣವೆಂದರೆ ಮರದ ಸಿಬಿರೂ ಜೊತೆಗೇ ಕಿತ್ತು ಬರುತ್ತದೆ. ಐದರಲ್ಲಿ ಸುಪೀರಿಯರ್ ಸರೋವರವೊಂದು ಬಹುಮಟ್ಟಿಗೆ ಬಚಾವಾಗಿದೆ. ಅಲ್ಲಿನ ನೀರಿನಲ್ಲಿ ಚಿಪ್ಪು ಕಟ್ಟಿಕೊಳ್ಳಲು ಬೇಕಾದಷ್ಟು ಸುಣ್ಣದ ಅಂಶವಿಲ್ಲ.

ಹಾಗಾದರೆ ಹಡಗನ್ನೇ ಮೇಲೆತ್ತಿಬಿಡಬಾರದೇ? ಅದನ್ನೂ ಮಾಡಿ ನೋಡಿದವರಿದ್ದಾರೆ. 1864ರಲ್ಲಿ ಮಿಶಿಗನ್ ಸರೋವರದ ಗ್ರೀನ್ ಬೇ ಕೊಲ್ಲಿಯಲ್ಲಿ ಮುಳುಗಿದ 'ಆಲ್ವಿನ್ ಕ್ಲಾರ್ಕ್' ಎಂಬ ಹಾಯಿಹಡಗನ್ನು 1969ರಲ್ಲಿ ಇಡಿಯಾಗಿ ಎತ್ತಿದರು. ಒಳಗಿನ ನೀರು ತೆಗೆದಾಗ ನೂರು ವರ್ಷದ ಹಳೆಯ ಹಡಗು ತನ್ನಷ್ಟಕ್ಕೆ ತಾನೇ ತೇಲಿತು! ಜನ ಜಾತ್ರೆಯಾಗಿ ಬಂದರು. ಆದರೆ ನೀರು ಕುಡಿದ ಮರವನ್ನು ಒಣಗದಂತೆ ಸಂಸ್ಕರಿಸಲು ಬೇಕಾದ ಹಣ ಯಾರಲ್ಲೂ ಇರಲಿಲ್ಲ. ಗಾಳಿ ಬಿಸಿಲಿಗೆ ಬಿರುಕು ಬಿಟ್ಟು, ಕೊಳೆತು, 1994ರಲ್ಲಿ ಬುಲ್ಡೋಜರಿಗೆ ಸಿಕ್ಕಿ ಅದು ಕಸವಾಯಿತು. ನೀರಿನಲ್ಲಿ ನೂರೈದು ವರ್ಷ ಉಳಿದದ್ದು ದಡದಲ್ಲಿ ಇಪ್ಪತ್ತೈದು ವರ್ಷ ಉಳಿಯಲಿಲ್ಲ.

ಎತ್ತುವಂತಿಲ್ಲ, ತೊಳೆಯುವಂತಿಲ್ಲ, ಉಳಿದಿರುವ ದಾರಿ ಅಳೆದು, ಚಿತ್ರ ತೆಗೆದು, ದಾಖಲಿಸಿಡುವುದು. ಒಂದು ಹಡಗಿನ ಸಾವಿರಾರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಹೊಲಿದು ಮೂರು ಆಯಾಮದ ಪ್ರತಿರೂಪ ಮಾಡುತ್ತಾರೆ. ಮುಂದೊಂದು ದಿನ ಹಾಯಿಕಂಬ ಬಿದ್ದರೂ ಅದು ನಿಂತಿದ್ದ ಬಗೆ ಉಳಿದಿರುತ್ತದೆ.

ಹೋಗುವವರಿಗೆ

ಮುಳುಗಲು ಬಾರದವರೂ ಅಲ್ಪೀನಾದಿಂದ ನಿರಾಶರಾಗಿ ಮರಳಬೇಕಿಲ್ಲ. ನದಿಯ ದಡದಲ್ಲಿ ಮಹಾ ಸರೋವರಗಳ ನೌಕಾ ಪರಂಪರೆಯ ಸಂಗ್ರಹಾಲಯವಿದೆ, ಪ್ರವೇಶ ಉಚಿತ. ಹಾಯಿಹಡಗಿನ ಅಟ್ಟದ ಮಾದರಿಯ ಮೇಲೆ ನಿಂತು ಬಿರುಗಾಳಿಯ ಅನುಭವ ಪಡೆಯಬಹುದು. ಅಲ್ಲಿಂದಲೇ ತಳಕ್ಕೆ ಗಾಜು ಹಾಕಿದ ದೋಣಿ ಬೇಸಿಗೆಯಲ್ಲಿ ಹೊರಡುತ್ತದೆ. ಆಳವಿಲ್ಲದ ಕಡೆ ಮಲಗಿದ ಹಡಗುಗಳು ಕಾಲಡಿಯಲ್ಲೇ ಸರಿದುಹೋಗುತ್ತವೆ. ಈಜು ಬಲ್ಲವರು ಮುಖಕ್ಕೆ ಕನ್ನಡಕ, ಬಾಯಿಗೆ ಕೊಳವೆ ಸಿಕ್ಕಿಸಿಕೊಂಡೇ ಕೆಲವನ್ನು ನೋಡಬಹುದು. 1907ರಲ್ಲಿ ಕಲ್ಲಿದ್ದಲು ಹೊತ್ತು ಬಂದು ಬೆಂಕಿಗೆ ಆಹುತಿಯಾದ 'ಮೊನೊಹ್ಯಾನ್ಸೆಟ್' ಇರುವುದು ಬರೇ 18 ಅಡಿ ನೀರಿನಲ್ಲಿ.

ಸಿಲಿಂಡರು ಕಟ್ಟಿ ಇಳಿಯುವವರಿಗೆ ಮುಖ್ಯ ಹಡಗುಗಳ ಬಳಿ ಬೇಸಿಗೆಯಲ್ಲಿ ತೇಲುಗುಂಡುಗಳನ್ನು ಕಟ್ಟಿರುತ್ತಾರೆ. ದೋಣಿಯನ್ನು ಅದಕ್ಕೇ ಬಿಗಿಯಬೇಕು. ಒಂದು ಲಂಗರು ಬಿದ್ದರೆ ನೂರೈವತ್ತು ವರ್ಷದ ಅಟ್ಟ ಒಂದೇ ಏಟಿಗೆ ಒಡೆಯುತ್ತದೆ. ಮುಟ್ಟುವಂತಿಲ್ಲ, ಒಂದು ಮೊಳೆಯನ್ನೂ ಎತ್ತುವಂತಿಲ್ಲ. ನೋಡಿ, ಚಿತ್ರ ತೆಗೆದು, ಮೇಲೆ ಬರಬೇಕು. ಚಳಿಗಾಲ ಹತ್ತಿರವಾದಂತೆ ಮಂಜುಗಡ್ಡೆಗೆ ಸಿಕ್ಕದಿರಲೆಂದು ತೇಲುಗುಂಡುಗಳನ್ನು ತೆಗೆದಿಡುತ್ತಾರೆ. ಮತ್ತೆ ಮುಂದಿನ ಬೇಸಿಗೆಗೆ ಇಳಿಯುವವರು ಮೊದಲು ಮಾಡುವ ಕೆಲಸ ಒಂದೇ: ಹೋದ ವರ್ಷದ ಚಿತ್ರಗಳನ್ನು ಮುಂದಿಟ್ಟುಕೊಂಡು, ಯಾವ ಕಂಬ ಇನ್ನೂ ನಿಂತಿದೆ, ಯಾವ ಹಲಗೆ ಕಳಚಿದೆ ಎಂದು ನೋಡುವುದು.